ದಾಸ್ಯದ ಹಿರಿಮೆ

(ಸಂಘದ ವಾರ್ಷಿಕೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ಸಭೆಯಲ್ಲಿ ಮಾತನಾಡಲು ನಿಂತವರು ಮೊದಲು ತಮ್ಮ ಅಲ್ಪಮತಿಯನ್ನು ಹೇಳಿಕೊಳ್ಳುವುದು ನಮ್ಮಲ್ಲಿ ನಡೆದುಬಂದ ಸಂಪ್ರದಾಯ. “ನಾವು ಏನೂ ಅರಿಯದವರು, ತಿಳಿದವರ ಮುಂದೆ ನಿಲ್ಲುವ ಯೋಗ್ಯತೆ ನಮಗಿಲ್ಲ” ಎಂದು ಕೈಮುಗಿದು ಆರಂಭಿಸುತ್ತೇವೆ. ಕೇಳುವವರಲ್ಲಿ ಯಾರಾದರೂ ಎದ್ದು, “ತಾವು ಹೇಳಿದುದು ನಿಜ ಸ್ವಾಮಿ, ಕುಳಿತುಕೊಳ್ಳಿ” ಎಂದರೆ ಮಾತ್ರ ನಮ್ಮ ಮುಖ ಕೆಂಪೇರುತ್ತದೆ. ನಮ್ಮ ಮಾತನ್ನೇ ಇನ್ನೊಬ್ಬರು ಒಪ್ಪಿಕೊಂಡರೆ ಕೋಪ ಬರುವುದಾದರೆ ಆ ವಿನಯ ಎಂತಹುದು? ಆದಕಾರಣ ಇಂದು ಆ ಸಂಪ್ರದಾಯವನ್ನು ಬಿಟ್ಟು ನೇರವಾಗಿ ವಿಷಯಕ್ಕೆ ಬರುತ್ತೇವೆ. ನಾವು ಮಾತನಾಡಬೇಕಾದುದೂ ವಿನಯವನ್ನು ಕುರಿತೇ. ವೈಷ್ಣವ ಭಕ್ತಿಮಾರ್ಗದಲ್ಲಿ ವಿನಯಕ್ಕೂ ಸೇವೆಗೂ ಇರುವ ನಂಟನ್ನು, ನಮ್ಮ ಸೀಮೆಯ ಹರಿದಾಸರ ಬಾಳನ್ನು ಮುಂದಿಟ್ಟುಕೊಂಡು ನಾಲ್ಕು ಮಾತಿನಲ್ಲಿ ಹೇಳಬೇಕೆಂಬುದು ನಮ್ಮ ಆಸೆ.

ಭಕ್ತಿ ಒಂಬತ್ತು ಬಗೆ ಎಂಬುದನ್ನು ಭಾಗವತದ ಏಳನೆಯ ಸ್ಕಂಧದಲ್ಲಿ ಬಾಲಕ ಪ್ರಹ್ಲಾದನು ತನ್ನ ತಂದೆಗೆ ಹೇಳುತ್ತಾನೆ. ಶ್ರವಣ, ಕೀರ್ತನ, ಸ್ಮರಣ, ಪಾದಸೇವನ, ಅರ್ಚನ, ವಂದನ, ದಾಸ್ಯ, ಸಖ್ಯ, ಆತ್ಮನಿವೇದನ. ಈ ಕ್ರಮವನ್ನು ಮಕ್ಕಳು ಬಾಯಿಪಾಠ ಮಾಡುತ್ತಾರೆ. ದೊಡ್ಡವರು ನಿಂತು ಯೋಚಿಸುವುದು ಕಡಿಮೆ. ಕೇಳುವುದು, ಹಾಡುವುದು, ನೆನೆಯುವುದು, ಪೂಜಿಸುವುದು, ನಮಸ್ಕರಿಸುವುದು ಇವೆಲ್ಲ ಮುಗಿದ ಮೇಲೆ ಏಳನೆಯದಾಗಿ ದಾಸ್ಯ ಬರುತ್ತದೆ. ಪೂಜೆ ಮಾಡಿದವನೆಲ್ಲ ದಾಸನಾಗಲಿಲ್ಲ ಎಂದಾಯಿತು. ಪೂಜೆಗೆ ಹೊತ್ತುಗೊತ್ತು ಉಂಟು. ಗಂಟೆ ಬಾರಿಸಿ ಆರತಿ ಎತ್ತಿದರೆ ಅದು ಮುಗಿಯಿತು. ದಾಸನ ಕೆಲಸಕ್ಕೆ ಮುಗಿತಾಯವೆಂಬುದಿಲ್ಲ. ಒಡೆಯನು ಕರೆದಾಗ ಏಳಬೇಕು. ಕರೆಯದಿದ್ದರೂ ಕೆಲಸ ಕಂಡಲ್ಲಿ ಕೈಯಿಕ್ಕಬೇಕು. ತನಗಿಷ್ಟವಾದ ಕೆಲಸವನ್ನು ಮಾತ್ರ ಆರಿಸಿಕೊಂಡು ಮಾಡುವವನು ದಾಸನಲ್ಲ, ಅತಿಥಿ.

ಶ್ರೀಮನ್ಮಧ್ವಾಚಾರ್ಯರ ಸಿದ್ಧಾಂತದಲ್ಲಿ ಇದಕ್ಕೆ ಗಟ್ಟಿಯಾದ ತಳಹದಿಯೊಂದು ಇದೆ. ಸ್ವತಂತ್ರನಾದವನು ಶ್ರೀಹರಿಯೊಬ್ಬನೇ, ಉಳಿದ ಜೀವರೆಲ್ಲರೂ ಪರತಂತ್ರರು. ನಮ್ಮ ಕೈ ಏಳುವುದು, ನಾಲಗೆ ನುಡಿಯುವುದು ಅವನ ಪ್ರೇರಣೆಯಿಂದ. ಹೀಗಿರುವಲ್ಲಿ “ನಾನು ಮಾಡಿದೆ” ಎಂಬ ಮಾತು ಅಹಂಕಾರ ಮಾತ್ರವಲ್ಲ, ತಪ್ಪು ತಿಳಿವಳಿಕೆಯೂ ಆಗುತ್ತದೆ. ವಿನಯವೆಂದರೆ ಇಲ್ಲದ ಕೀಳ್ತನವನ್ನು ಆರೋಪಿಸಿಕೊಳ್ಳುವುದಲ್ಲ. ಇದ್ದ ಸ್ಥಿತಿಯನ್ನು ಇದ್ದಂತೆ ಕಾಣುವುದು. ಈ ದೃಷ್ಟಿಯಿಂದ ನೋಡಿದರೆ ವಿನಯವು ಸಭ್ಯತೆಯ ಅಲಂಕಾರವಲ್ಲ. ಅದು ಸತ್ಯಜ್ಞಾನದ ಫಲ.

ಮಹಾಭಾರತದ ಸಭಾಪರ್ವದಲ್ಲಿ ಬರುವ ರಾಜಸೂಯ ಯಾಗವನ್ನು ತಾವೆಲ್ಲರೂ ಬಲ್ಲಿರಿ. ಧರ್ಮರಾಯನು ಬಂಧುಗಳಿಗೆ ಒಂದೊಂದು ಕೆಲಸವನ್ನು ಹಂಚಿದನು. ಒಬ್ಬರಿಗೆ ಊಟೋಪಚಾರ, ಒಬ್ಬರಿಗೆ ಭಂಡಾರ, ಇನ್ನೊಬ್ಬರಿಗೆ ಕಪ್ಪಕಾಣಿಕೆಗಳನ್ನು ಸ್ವೀಕರಿಸುವ ಕೆಲಸ. ಆಗ ಶ್ರೀಕೃಷ್ಣನು ವಹಿಸಿಕೊಂಡುದು ಬಂದ ಬ್ರಾಹ್ಮಣರ ಕಾಲು ತೊಳೆಯುವ ಕೆಲಸವನ್ನು. ಅದೇ ಯಾಗದಲ್ಲಿ ಅಗ್ರಪೂಜೆ ಯಾರಿಗೆ ಸಲ್ಲಬೇಕೆಂಬ ಪ್ರಶ್ನೆ ಬಂದಾಗ ಭೀಷ್ಮರು ಆ ಕೃಷ್ಣನನ್ನೇ ತೋರಿಸಿದರು. ಕಾಲು ತೊಳೆದವನಿಗೇ ಮೊದಲ ಪೂಜೆ. ಅದನ್ನು ಸಹಿಸದೆ ಸಭೆಯಲ್ಲಿ ಎದ್ದು ಕೂಗಾಡಿದವನು ಶಿಶುಪಾಲ. ನಮ್ಮ ಸಭೆಗಳಲ್ಲಿಯೂ ಯಾರಿಗೆ ಮೊದಲ ಹಾರ, ಯಾರ ಹೆಸರು ಆಮಂತ್ರಣಪತ್ರಿಕೆಯಲ್ಲಿ ಮೇಲೆ, ಯಾರ ಕುರ್ಚಿ ನಡುವೆ ಎಂಬ ಜಗಳ ಏಳುವುದುಂಟು. ಆಗೆಲ್ಲ ನಾವು ಆ ಯಾಗಶಾಲೆಯಲ್ಲಿ ಯಾರ ಪಕ್ಕದಲ್ಲಿ ನಿಂತಿದ್ದೇವೆ ಎಂಬುದನ್ನು ಕೇಳಿಕೊಳ್ಳುವುದು ಒಳ್ಳೆಯದು.

ಇನ್ನು ನಮ್ಮ ಸೀಮೆಗೆ ಬರೋಣ. ಹರಿದಾಸ ಸಾಹಿತ್ಯವೆಂದೊಡನೆ ಪುರಂದರದಾಸರು, ಕನಕದಾಸರು ನೆನಪಾಗುವುದು ಸಹಜ. ಹಣದ ಲೇವಾದೇವಿಯಲ್ಲಿ ಬೆಳೆದವರು ಗೋಪಾಳಬುಟ್ಟಿ ಹಿಡಿದು ಹಂಪೆಯ ಬೀದಿಯಲ್ಲಿ ನಡೆದುದೂ, ದಂಡನಾಯಕನಾಗಿದ್ದವರು ಕತ್ತಿಯನ್ನು ಕೆಳಗಿಟ್ಟು ತಂಬೂರಿ ಹಿಡಿದುದೂ ಮನೆಮನೆಯ ಮಾತಾಗಿದೆ. ಅವರ ಕಾಲ 16ನೆಯ ಶತಮಾನ. ಆ ಪರಂಪರೆ ಬತ್ತುತ್ತಿದೆಯೇನೋ ಎಂಬಷ್ಟರಲ್ಲಿ 18ನೆಯ ಶತಮಾನದಲ್ಲಿ ಅದಕ್ಕೆ ಮರಳಿ ನೀರೆರೆದವರು ತುಂಗಭದ್ರೆ ಕೃಷ್ಣೆಯರ ನಡುವಿನ ಈ ಬಿಸಿಲು ನೆಲದವರು. ಜೋಳ ಹತ್ತಿ ಬೆಳೆಯುವ ಈ ಎರೆಹೊಲಗಳ ನಡುವೆ ಆ ದಾಸರು ನಡೆದಾಡಿದರು ಎಂಬುದನ್ನು ನಾವು ಅಭಿಮಾನದಿಂದ ಹೇಳಿಕೊಳ್ಳಬಹುದು.

ಅವರಲ್ಲಿ ಹಿರಿಯರು ವಿಜಯದಾಸರು. 1682ರಲ್ಲಿ ಮಾನ್ವಿ ಸೀಮೆಯ ಚೀಕಲಪರವಿಯಲ್ಲಿ ಕಡುಬಡತನದ ಮನೆಯಲ್ಲಿ ಹುಟ್ಟಿದರು. ಚಿಕ್ಕಂದಿನ ಹೆಸರು ದಾಸಪ್ಪ. ಹೊಟ್ಟೆಗೆ ಹಿಟ್ಟಿಲ್ಲದೆ ಊರು ಬಿಟ್ಟು ಕಾಶಿಯವರೆಗೂ ಅಲೆದರು. ಪುರಂದರದಾಸರು ಕನಸಿನಲ್ಲಿ ಕಾಣಿಸಿಕೊಂಡು ‘ವಿಜಯವಿಠಲ’ ಎಂಬ ಅಂಕಿತವನ್ನು ಅನುಗ್ರಹಿಸಿದರೆಂದು ಸಂಪ್ರದಾಯದವರು ನಂಬುತ್ತಾರೆ. ಸುಳಾದಿಗಳ ರಚನೆಯಲ್ಲಿ ಅವರಿಗೆ ಎಣೆಯಿಲ್ಲ. ಬದುಕು ಬೇಡವೆಂದು ಕೂಸಿನೊಡನೆ ಪ್ರಾಣ ಬಿಡಲು ಹೊರಟ ತಾಯಿಯೊಬ್ಬಳನ್ನು ಅವರು ತಡೆದು, ಮಗಳೆಂದು ಮನೆಗೆ ಕರೆತಂದು, ಆ ಕೂಸನ್ನು ಮೊಮ್ಮಗನಂತೆ ಸಾಕಿದರೆಂದೂ, ಆ ಕೂಸೇ ಮುಂದೆ ಮೋಹನದಾಸರಾದರೆಂದೂ ಹಿರಿಯರು ಹೇಳುತ್ತ ಬಂದಿದ್ದಾರೆ. ತಮಗೇ ಒಪ್ಪೊತ್ತಿನ ಊಟಕ್ಕೆ ತತ್ವಾರವಿದ್ದುದನ್ನು ಕಂಡವರು ಇನ್ನೆರಡು ಬಾಯಿಗಳಿಗೆ ಎಲೆ ಹಾಕಿದರು. 1755ರ ಕಾರ್ತಿಕ ಶುದ್ಧ ದಶಮಿಯಂದು ಅವರು ದೇಹ ಬಿಟ್ಟುದು ಗುಂತಕಲ್ಲಿನ ಬಳಿಯ ಚಿಪ್ಪಗಿರಿಯಲ್ಲಿ. ಅದು ಇಂದು ಆಂಧ್ರಪ್ರದೇಶದ ಕರ್ನೂಲು ಜಿಲ್ಲೆಗೆ ಸೇರಿದೆ. ನಮ್ಮ ಆದವಾನಿಯವರಿಗೆ ಅದು ದೂರದ ಯಾತ್ರೆಯಲ್ಲ, ನೆರೆಯೂರು.

ಅದೇ ಕಾಲದಲ್ಲಿ ಮಾನ್ವಿಯಲ್ಲಿ ಶ್ರೀನಿವಾಸಾಚಾರ್ಯರೆಂಬ ತರುಣ ಪಂಡಿತರಿದ್ದರು. 1728ರಲ್ಲಿ ಬ್ಯಾಗವಟ್ಟಿಯಲ್ಲಿ ಹುಟ್ಟಿದವರು. ಮಂತ್ರಾಲಯದ ಮಠದ ವರದೇಂದ್ರತೀರ್ಥರಲ್ಲಿ ಶಾಸ್ತ್ರವನ್ನು ಓದಿದವರು. ಸಂಸ್ಕೃತದಲ್ಲಿ ಅವರ ಸಮಾನರಿಲ್ಲವೆಂಬ ಹೆಸರು ಸಣ್ಣ ವಯಸ್ಸಿನಲ್ಲಿಯೇ ಹಬ್ಬಿತ್ತು. ವಿಜಯದಾಸರು ಒಮ್ಮೆ ಮಾನ್ವಿಗೆ ಬಂದು, ಅಲ್ಲಿ ನಡೆದ ಹರಿಸೇವೆಯ ಭೋಜನಕ್ಕೆ ಈ ಆಚಾರ್ಯರನ್ನು ಆದರದಿಂದ ಕರೆಸಿದರು. ಕಾಲಿಗೆ ಗೆಜ್ಜೆ ಕಟ್ಟಿ, ಚಿಟಿಕೆ ಹಾಕುತ್ತ, ಕನ್ನಡದಲ್ಲಿ ಹಾಡಿ ಕುಣಿಯುವವರ ಪಂಕ್ತಿಯಲ್ಲಿ ಶಾಸ್ತ್ರಜ್ಞನಾದ ತಾನು ಕೂಡುವುದೆ? ಆಚಾರ್ಯರು ಹೊಟ್ಟೆನೋವಿನ ನೆಪ ಹೇಳಿ ಕಳುಹಿದರು.

ಮುಂದಿನ ಕಥೆ ತಮಗೆ ತಿಳಿದೇ ಇದೆ. ನೆಪವಾಗಿ ಹೇಳಿದ ನೋವು ನಿಜವಾಗಿಯೇ ಬಂದು ಹೊಟ್ಟೆಯಲ್ಲಿ ನೆಲೆಸಿತು. ಉಂಡ ಅನ್ನ ಜೀರ್ಣವಾಗದು, ಔಷಧ ನಾಟದು. ಮಂತ್ರಾಲಯಕ್ಕೆ ಹೋಗಿ ರಾಯರ ಸೇವೆ ಮಾಡಿದರು. “ನೀನು ಯಾರನ್ನು ಕಡೆಗಣಿಸಿದೆಯೋ ಅವರಲ್ಲಿಗೆ ಹೋಗು” ಎಂಬಂತೆ ಸ್ವಪ್ನಸೂಚನೆಯಾಯಿತು. ವಿಜಯದಾಸರಲ್ಲಿಗೆ ಹೋಗಿ ಕಾಲಿಗೆ ಬಿದ್ದರು. ಅವರು ತಾವೇ ರೋಗವನ್ನು ಕಳೆದು ಹೆಸರು ಪಡೆಯಬಹುದಾಗಿತ್ತು. ಹಾಗೆ ಮಾಡದೆ ತಮ್ಮ ಶಿಷ್ಯರಾದ ಉತ್ತನೂರಿನ ಗೋಪಾಲದಾಸರಲ್ಲಿಗೆ ಕಳುಹಿಸಿದರು. ಭಕ್ತಿಗೆ ಹೆಸರಾದ ಭಾಗಣ್ಣನವರೆಂದರೆ ಇವರೇ. ಗೋಪಾಲದಾಸರು ಬಂದವರನ್ನು ಉಪಚರಿಸಿ, ಮನೆಯ ಜೋಳದ ರೊಟ್ಟಿಯನ್ನು ಉಣಬಡಿಸಿ, ತಮ್ಮ ಆಯುಸ್ಸಿನಲ್ಲಿ 40 ವರ್ಷಗಳನ್ನು ಅವರಿಗೆ ಧಾರೆಯೆರೆದರೆಂಬುದು ಪರಂಪರೆಯ ನಂಬಿಕೆ. ಗುಣಹೊಂದಿದ ಆಚಾರ್ಯರು ಪಂಢರಪುರಕ್ಕೆ ಹೋಗಿ, ಚಂದ್ರಭಾಗೆಯಲ್ಲಿ ಮುಳುಗೆದ್ದಾಗ ‘ಜಗನ್ನಾಥವಿಠಲ’ ಎಂಬ ಅಂಕಿತವನ್ನು ಪಡೆದು ಜಗನ್ನಾಥದಾಸರಾದರು. ಮುಂದೆ ಕನ್ನಡ ಭಾಮಿನೀ ಷಟ್ಪದಿಯಲ್ಲಿ ‘ಹರಿಕಥಾಮೃತಸಾರ’ವನ್ನು ರಚಿಸಿ, 1809ರಲ್ಲಿ ಮಾನ್ವಿಯಲ್ಲಿ ದೇಹ ಬಿಟ್ಟರು.

ಈ ಕಥೆಯನ್ನು ಪವಾಡವೆಂದು ಕೇಳಿ ಕೈಮುಗಿದು ಎದ್ದುಹೋಗುವುದು ಸುಲಭ. ಆಯುಸ್ಸನ್ನು ಅಳೆದು ಕೊಡಬಹುದೆ ಎಂದು ತರ್ಕಿಸುವುದೂ ಸುಲಭ. ನಾವು ಅವೆರಡನ್ನೂ ಬದಿಗಿಟ್ಟು, ಕಥೆಯೊಳಗಿನ ಮೂರು ಸಂಗತಿಗಳನ್ನು ತಮ್ಮ ಗಮನಕ್ಕೆ ತರಬಯಸುತ್ತೇವೆ.

ಮೊದಲನೆಯದು, ರೋಗದ ಹೆಸರು. ಆಚಾರ್ಯರಿಗೆ ಬಂದುದು ಹೊಟ್ಟೆಯ ರೋಗವೆಂದು ಕಥೆ ಹೇಳುತ್ತದೆ. ಆದರೆ ಅದರ ಮೂಲ ಇದ್ದುದು ಹೊಟ್ಟೆಯಲ್ಲಲ್ಲ. ಎಲ್ಲರೊಡನೆ ಕುಳಿತು ಉಣ್ಣಲು ಒಲ್ಲದ ಮನಸ್ಸಿನಲ್ಲಿ, ಮನೆಮಾತನ್ನು ಕೀಳೆಂದು ಕಂಡ ವಿದ್ವತ್ತಿನಲ್ಲಿ ಅದು ಇದ್ದಿತು. ಆದುದರಿಂದಲೇ ಅದಕ್ಕೆ ಮದ್ದಾದುದು ಯಾವ ಅಪರೂಪದ ಬೇರೂ ಅಲ್ಲ. ನಮ್ಮ ನಿಮ್ಮ ಮನೆಯ ಜೋಳದ ರೊಟ್ಟಿ. ಒಲ್ಲೆನೆಂದ ಊಟವನ್ನು ಇನ್ನೊಬ್ಬರ ಮನೆಯಲ್ಲಿ ಕೈಯೊಡ್ಡಿ ಉಣ್ಣಬೇಕಾಯಿತು. ಒಲ್ಲೆನೆಂದ ಭಾಷೆಯಲ್ಲಿಯೇ ಜೀವಮಾನದ ಗ್ರಂಥವನ್ನು ಬರೆಯಬೇಕಾಯಿತು.

ಎರಡನೆಯದು, ಕೊಟ್ಟವರ ರೀತಿ. ಅವಮಾನಕ್ಕೆ ಗುರಿಯಾದವರು ವಿಜಯದಾಸರು. ಅವರು ಒಂದು ಕಟುನುಡಿಯನ್ನು ಆಡಿದುದಾಗಿ ಕಥೆಯಲ್ಲಿಲ್ಲ. ಉಪಕಾರದ ಕೀರ್ತಿಯನ್ನೂ ಶಿಷ್ಯನಿಗೆ ಬಿಟ್ಟುಕೊಟ್ಟರು. ಗೋಪಾಲದಾಸರಾದರೋ ತಮಗೆ ಪರಿಚಯವಿಲ್ಲದ, ತಮ್ಮ ಗುರುವನ್ನೇ ಹೀಯಾಳಿಸಿದ ಒಬ್ಬನಿಗಾಗಿ ತಮ್ಮ ಬದುಕನ್ನೇ ಮೊಟಕು ಮಾಡಿಕೊಂಡರು. ನಿಷ್ಕಾಮಸೇವೆಯೆಂಬ ಮಾತನ್ನು ನಾವು ಸಭೆಗಳಲ್ಲಿ ಧಾರಾಳವಾಗಿ ಬಳಸುತ್ತೇವೆ. ಪಡೆಯುವವನು ಯೋಗ್ಯನೆ, ಅವನಿಂದ ನಮಗೆ ಕೃತಜ್ಞತೆ ದೊರೆಯುವುದೆ ಎಂದು ಲೆಕ್ಕ ಹಾಕದೆ ಕೊಡುವುದೇ ಅದರ ಅರ್ಥವೆಂದು ಉತ್ತನೂರಿನ ಆ ಮನೆ ನಮಗೆ ಕಲಿಸುತ್ತದೆ.

ಮೂರನೆಯದು, ಬಾಗಿದವರ ಬೆಳವಣಿಗೆ. ಜಗನ್ನಾಥದಾಸರು ದಾಸರಾದ ಮೇಲೆ ತಮ್ಮ ಪಾಂಡಿತ್ಯವನ್ನು ಬಿಸುಟುಬಿಡಲಿಲ್ಲ. ‘ಹರಿಕಥಾಮೃತಸಾರ’ದ 32 ಸಂಧಿಗಳಲ್ಲಿ ಮಧ್ವಶಾಸ್ತ್ರದ ಸಾರವೆಲ್ಲವೂ ಇದೆ. ಅದನ್ನು ಅವರು ಕನ್ನಡ ಬಲ್ಲ ಯಾರೂ ಓದಿ ಹಾಡಬಹುದಾದ ಛಂದಸ್ಸಿಗೆ ಇಳಿಸಿದರು. ಇನ್ನೂ ಮುಂದೆ ಹೋಗಿ ‘ತತ್ತ್ವಸುವ್ವಾಲಿ’ಯನ್ನು ತ್ರಿಪದಿಯಲ್ಲಿ ರಚಿಸಿದರು. ತ್ರಿಪದಿ ಎಂದರೆ ನಮ್ಮ ತಾಯಂದಿರು ಬೀಸುವ ಕಲ್ಲಿನ ಮುಂದೆ ಕುಳಿತು ಹಾಡುತ್ತಿದ್ದ ಛಂದಸ್ಸು. ಪಂಕ್ತಿಯಲ್ಲಿ ಕೂಡಲು ನಾಚಿದ ಪಂಡಿತರು ಕೊನೆಗೆ ಬೀಸುವ ಹೆಣ್ಣುಮಕ್ಕಳ ಧಾಟಿಯನ್ನು ಕಲಿತು ಅದರಲ್ಲಿ ತತ್ತ್ವವನ್ನು ಹೇಳಿದರು. ಇದಕ್ಕಿಂತ ದೊಡ್ಡ ವಿದ್ವತ್ತು ಯಾವುದು?

ಬಂಧುಗಳೆ, ಇಷ್ಟು ಹೇಳಿ ನಾವು ಕುಳಿತುಕೊಂಡರೆ ಇದು ಮತ್ತೊಂದು ಉಪದೇಶವಾಗುತ್ತದೆ. ವಿನಯವನ್ನು ಕುರಿತು ಮಾತನಾಡುವವನು ತನ್ನ ತಪ್ಪೊಂದನ್ನಾದರೂ ಹೇಳದಿದ್ದರೆ ಆ ಮಾತಿಗೆ ಬೆಲೆಯಿಲ್ಲ. ಆದಕಾರಣ ನಮ್ಮ ಬಾಳಿನ ಒಂದು ಪ್ರಸಂಗವನ್ನು ತಮ್ಮ ಮುಂದೆ ಇಡುತ್ತೇವೆ. ಇದನ್ನು ಇದುವರೆಗೆ ಸಭೆಯಲ್ಲಿ ಹೇಳಿದುದಿಲ್ಲ.

ಹದಿನೈದು ವರ್ಷಗಳ ಹಿಂದಿನ ಮಾತು. ನಮ್ಮ ಹೆಸರಿನೊಡನೆ ‘ವಿದ್ವಾನ್’ ಎಂಬ ಬಿರುದು ಸೇರಿ ಬಹಳ ದಿನವಾಗಿರಲಿಲ್ಲ. ಏಕಾದಶಿಯ ರಾತ್ರಿ ನಮ್ಮ ಓಣಿಯ ಭಜನಾಮಂದಿರದಲ್ಲಿ ಭಜನೆ ನಡೆಯುತ್ತಿತ್ತು. ಹತ್ತಿಯ ಗಿರಣಿಯಲ್ಲಿ ಕೂಲಿಮಾಡುವ ವೃದ್ಧೆಯೊಬ್ಬರು ಅಲ್ಲಿಗೆ ತಪ್ಪದೆ ಬರುತ್ತಿದ್ದರು. ಓದುಬರಹ ಬಾರದು. ತಾಯಿ ಬೀಸುವಾಗ ಹಾಡುತ್ತಿದ್ದುದನ್ನು ಕೇಳಿ ಕಲಿತ ದಾಸರ ಪದಗಳು ಅವರ ಬಾಯಲ್ಲಿ ಎಷ್ಟೋ ಇದ್ದವು. ಆ ರಾತ್ರಿ ಅವರು ವಿಜಯದಾಸರ ಅಂಕಿತವಿರುವ ಒಂದು ಪದವನ್ನು ಎತ್ತಿಕೊಂಡರು. ಮಹಾಪ್ರಾಣಗಳೆಲ್ಲ ಅಲ್ಪಪ್ರಾಣಗಳಾಗಿದ್ದವು, ಒಂದೆರಡು ಸಂಸ್ಕೃತ ಶಬ್ದಗಳು ಗುರುತು ಸಿಗದಂತೆ ಸವೆದಿದ್ದವು. ನಾವು ನಡುವೆ ಕೈಯೆತ್ತಿ ನಿಲ್ಲಿಸಿ, “ಅಮ್ಮಾ, ಆ ಶಬ್ದ ಹಾಗಲ್ಲ, ಹೀಗೆ ಹೇಳಿದರೆ ಅರ್ಥವೇ ಕೆಡುತ್ತದೆ” ಎಂದು ಎಲ್ಲರೆದುರಿಗೆ ತಿದ್ದಿದೆವು. ಕೆಲವರು ನಕ್ಕರು. ಆ ತಾಯಿಯೂ ನಗುತ್ತಲೇ “ಹೌದೇನ್ರಿ” ಎಂದು ಸುಮ್ಮನಾದರು. ನಾವು ಆ ಪದವನ್ನು ಶುದ್ಧವಾಗಿ ಓದಿ ಮುಗಿಸಿದೆವು. ಮನೆಗೆ ಬರುವಾಗ ಕನ್ನಡದ ಸೇವೆಯೊಂದನ್ನು ಮಾಡಿದೆವೆಂಬ ಸಮಾಧಾನವೇ ನಮ್ಮಲ್ಲಿತ್ತು.

ಅಂದಿನಿಂದ ಅವರು ಹಾಡಲಿಲ್ಲ. ಮಂದಿರಕ್ಕೆ ಬರುವುದನ್ನು ಬಿಡಲಿಲ್ಲ. ಬಾಗಿಲ ಬಳಿ ಕುಳಿತು ತಾಳ ಹಾಕುತ್ತಿದ್ದರು. ನಸುಕಿನಲ್ಲಿ ಬಂದು ಕಸ ಗುಡಿಸಿ, ನೀರು ಚಿಮುಕಿಸಿ, ರಂಗೋಲಿ ಹಾಕಿ, ದೀಪದ ಬತ್ತಿ ಹೊಸೆದಿಟ್ಟು ಗಿರಣಿಗೆ ಹೋಗುತ್ತಿದ್ದರು. ನಾಲ್ಕು ವರ್ಷ ಹೀಗೆ ಕಳೆಯಿತು. ಅವರು ಹಾಡುತ್ತಿಲ್ಲವೆಂಬುದನ್ನು ನಾವು ಗಮನಿಸಲೇ ಇಲ್ಲ.

ಒಂದು ವರ್ಷ ವಿಜಯದಾಸರ ಆರಾಧನೆಗೆ ಶಾಲೆಯ ಮಕ್ಕಳಿಂದ ಅದೇ ಪದವನ್ನು ಹಾಡಿಸಬೇಕೆಂದುಕೊಂಡೆವು. ಪದದ ಪಾಠ ಪುಸ್ತಕದಲ್ಲಿ ಸಿಕ್ಕಿತು. ಧಾಟಿ ಯಾರಿಗೂ ಬಾರದು. “ಆ ಮುದುಕಿಗೆ ಬರುತ್ತಿತ್ತು” ಎಂದು ಒಬ್ಬರು ನೆನಪು ಮಾಡಿದರು. ಗಿರಣಿಯ ಹಿಂದಿನ ಓಣಿಯಲ್ಲಿದ್ದ ಅವರ ಮನೆಗೆ ಹೋದೆವು. ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದರು. ಬಂದ ಕಾರಣವನ್ನು ಹೇಳಿದೆವು. ಅವರು ಹಿಟ್ಟಿನ ಕೈಯನ್ನು ಒರೆಸಿಕೊಳ್ಳುತ್ತ, “ನನಗ್ಯಾಕ್ರಿ ಮಾಸ್ತರೆ? ನನ್ನ ಬಾಯಾಗ ತಪ್ಪು ಬರ್ತಾವ್ರಿ. ತಪ್ಪು ಹಾಡಿದ್ರ ದೇವ್ರಿಗೆ ಬ್ಯಾಸರ ಆಗ್ತೈತಿ ಅಂತ ಬಿಟ್ಟೀನ್ರಿ” ಎಂದರು.

ಆ ಮಾತಿನಲ್ಲಿ ಕೊಂಕಿರಲಿಲ್ಲ. ಕೊಂಕಿದ್ದರೆ ನಮಗೆ ಅಷ್ಟು ನೋವಾಗುತ್ತಿರಲಿಲ್ಲ. ಅವರು ನಮ್ಮ ಮಾತನ್ನು ಗುರುವಿನ ಮಾತೆಂದು ನಂಬಿ, ತಮ್ಮ ಹಾಡಿನಿಂದ ದೇವರಿಗೆ ನೋವಾಗಬಾರದೆಂದು ಜೀವಮಾನದ ಹಾಡನ್ನು ಬಿಟ್ಟಿದ್ದರು. “ತಪ್ಪು ನಮ್ಮದು ತಾಯಿ, ಕ್ಷಮಿಸಬೇಕು” ಎಂದೆವು. “ಅಯ್ಯೋ, ಹಂಗನಬ್ಯಾಡ್ರಿ, ನೀವು ಓದಿದವ್ರು” ಎಂದು ಗಾಬರಿಯಾಗಿ ಎದ್ದರು. ಬಿಸಿರೊಟ್ಟಿಯ ಮೇಲೆ ಶೇಂಗಾಹಿಂಡಿ ಹಾಕಿ ಕೈಗಿತ್ತರು, ಉಂಡೆವು. ನಾವು ಒತ್ತಾಯ ಮಾಡಿದ ಮೇಲೆ ಕಣ್ಣು ಮುಚ್ಚಿ ಪಲ್ಲವಿಯನ್ನು ಎರಡು ಸಲ ಹಾಡಿದರು. ನುಡಿಗಳ ಧಾಟಿ ನೆನಪಿಗೆ ಬರಲಿಲ್ಲ. “ಹಾಡ್ದ ಬಿಟ್ಟು ಭಾಳ ದಿನ ಆತ್ರಿ, ಹೋಗೇಬಿಟ್ಟೈತಿ” ಎಂದು ಅವರೇ ಬೇಸರಪಟ್ಟುಕೊಂಡರು.

ಮರುವರ್ಷ ಆ ತಾಯಿ ತೀರಿಕೊಂಡರು. ಮೂರು ದಿನ ಮಂದಿರದ ಬಾಗಿಲಲ್ಲಿ ಕಸ ಹಾಗೆಯೇ ಬಿದ್ದಿತ್ತು. ಇಷ್ಟು ವರ್ಷ ಗುಡಿಸುತ್ತಿದ್ದವರು ಯಾರೆಂದು ಎಷ್ಟೋ ಜನಕ್ಕೆ ತಿಳಿದುದು ಆಗಲೇ. ಇಂದಿಗೂ ನಮ್ಮ ಮಕ್ಕಳು ಆ ಪದವನ್ನು ಹಾಡುತ್ತಾರೆ. ಪಲ್ಲವಿ ಆ ತಾಯಿಯ ಧಾಟಿಯದು. ನುಡಿಗಳಿಗೆ ನಾವು ಹೇಗೋ ಒಂದು ಧಾಟಿಯನ್ನು ಕೂಡಿಸಿದ್ದೇವೆ. ಎರಡರ ನಡುವಣ ಬಿರುಕು ಕೇಳುವವರಿಗೆ ತಿಳಿಯದಿರಬಹುದು. ನಮಗೆ ಪ್ರತಿ ಸಲವೂ ತಿಳಿಯುತ್ತದೆ. ಶ್ರೀನಿವಾಸಾಚಾರ್ಯರಿಗೆ ಬಂದ ರೋಗ ನಮಗೂ ಬಂದಿತ್ತು. ಅವರಿಗೆ ಪೂರ್ಣವಾಗಿ ವಾಸಿಯಾಯಿತು, ನಮಗೆ ಅದರ ಕಲೆ ಉಳಿದಿದೆ.

ಶುದ್ಧ ಉಚ್ಚಾರಣೆ ಬೇಡವೆಂದು ನಾವು ಹೇಳುತ್ತಿಲ್ಲ. ನಾವು ಕನ್ನಡದ ಉಪಾಧ್ಯಾಯರು. ತರಗತಿಯಲ್ಲಿ ಮಕ್ಕಳನ್ನು ಇಂದಿಗೂ ತಿದ್ದುತ್ತೇವೆ, ಮುಂದೆಯೂ ತಿದ್ದುತ್ತೇವೆ. ಆದರೆ ತಿದ್ದುವವನು ಮೊದಲು ಕೇಳುವವನಾಗಬೇಕು. ಆ ರಾತ್ರಿ ನಾವು ಹಾಡು ಮುಗಿಯುವವರೆಗೆ ಕಾದು, ಆ ಧಾಟಿಯನ್ನು ಅವರಿಂದ ಕಲಿತು, ಅನಂತರ ಒಬ್ಬರೇ ಇರುವಾಗ ಶಬ್ದವನ್ನು ಹೇಳಿಕೊಟ್ಟಿದ್ದರೆ ಪದವೂ ಉಳಿಯುತ್ತಿತ್ತು, ಪಾಠವೂ ಶುದ್ಧವಾಗುತ್ತಿತ್ತು. ನಮ್ಮ ಜ್ಞಾನದಲ್ಲಿ ದೋಷವಿರಲಿಲ್ಲ; ಅದನ್ನು ಹಿಡಿದು ನಿಂತ ರೀತಿಯಲ್ಲಿ ದೋಷವಿತ್ತು.

ಇಲ್ಲಿ ಎರಡು ತಪ್ಪು ತಿಳಿವಳಿಕೆಗಳನ್ನು ನಿವಾರಿಸಬೇಕು. ವಿನಯವೆಂಬುದು ನಾವು ಬೇರೆಯವರಿಂದ ವಸೂಲು ಮಾಡುವ ಕಂದಾಯವಲ್ಲ. ಬಡವರಿಗೆ, ಹೆಣ್ಣುಮಕ್ಕಳಿಗೆ, ಓದುಬಾರದವರಿಗೆ “ತಗ್ಗಿ ನಡೆಯಿರಿ” ಎಂದು ಹೇಳಿ, ನಾವು ಬೀಗಿ ನಡೆಯುವುದು ಭಕ್ತಿಯಲ್ಲ, ಅದು ದಬ್ಬಾಳಿಕೆ. ಆ ವೃದ್ಧೆಯ ಮೌನವನ್ನು ವಿನಯವೆಂದು ಹೊಗಳಿ ಮುಗಿಸಿದರೆ ಮತ್ತೊಂದು ಅಪರಾಧ ಮಾಡಿದಂತಾಗುತ್ತದೆ. ಅಲ್ಲಿ ಬಾಗಬೇಕಾಗಿದ್ದವರು ನಾವು. ರಾಜಸೂಯದಲ್ಲಿ ಕಾಲು ತೊಳೆದವನು ಎಲ್ಲರಿಗಿಂತ ಹಿರಿಯನಾಗಿದ್ದವನು ಎಂಬುದನ್ನು ಮರೆಯಬಾರದು.

ಎರಡನೆಯದಾಗಿ, ವಿನಯವೆಂದರೆ ದೈನ್ಯವಲ್ಲ. ಹರಿಗೆ ದಾಸನಾದವನು ಸಿರಿವಂತನಿಗೆ ದಾಸನಾಗನು. ದಾಸರು ಮಧುಕರವೃತ್ತಿಯಿಂದ ಬದುಕಿದರು. ದುಂಬಿ ಹೂವಿಗೆ ನೋವಾಗದಂತೆ ಹೂವಿನಿಂದ ಹೂವಿಗೆ ಹೋಗಿ ತೊಟ್ಟು ತೊಟ್ಟು ಜೇನು ತರುವಂತೆ, ಮನೆಮನೆಯ ಮುಂದೆ ಹಾಡಿ ಹಿಡಿಹಿಡಿ ಧಾನ್ಯವನ್ನು ಪಡೆದು, ನಾಳೆಗೆ ಕೂಡಿಡದೆ ಅಂದಂದಿಗೆ ಉಂಡರು. ಹಲವು ಮನೆಗಳಿಂದ ಹಿಡಿಯಷ್ಟು ಪಡೆದವನು ಯಾವ ಒಂದು ಮನೆಯ ಹಂಗಿಗೂ ಬೀಳುವುದಿಲ್ಲ. ಕೈಯೊಡ್ಡಿದರೂ ತಲೆ ತಗ್ಗಿಸದ ಸ್ವಾತಂತ್ರ್ಯ ಅವರದು.

ಗಡಿನಾಡಿನ ನಮಗೆ ಈ ಭೇದವನ್ನು ಅರಿಯುವುದು ಬಹಳ ಅಗತ್ಯ. 1953ರ ಅಕ್ಟೋಬರ್ 1ರಂದು ಆಂಧ್ರರಾಜ್ಯ ರಚನೆಯಾದಾಗ ಬಳ್ಳಾರಿ ಜಿಲ್ಲೆಯ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆ ರಾಜ್ಯಕ್ಕೆ ಸೇರಿದವು. 1956ರಲ್ಲಿ ರಾಯಚೂರು ಜಿಲ್ಲೆಯ ಗದ್ವಾಲ, ಆಲಂಪುರ ಭಾಗಗಳು ಆಂಧ್ರಪ್ರದೇಶಕ್ಕೆ ಹೋದವು. 2014ರಿಂದ ಅವು ತೆಲಂಗಾಣದಲ್ಲಿವೆ. ನಾವು ಈಗ ಹೇಳಿದ ಕಥೆಯನ್ನೇ ನೋಡಿ. ಮಾನ್ವಿ ಕರ್ನಾಟಕದಲ್ಲಿದೆ; ಮಂತ್ರಾಲಯ, ಚಿಪ್ಪಗಿರಿಗಳು ಆಂಧ್ರದಲ್ಲಿವೆ; ಗದ್ವಾಲ ಸೀಮೆಯ ಉತ್ತನೂರು ತೆಲಂಗಾಣದಲ್ಲಿದೆ; ಪಂಢರಪುರ ಮಹಾರಾಷ್ಟ್ರದಲ್ಲಿದೆ. ಒಬ್ಬ ಪಂಡಿತನ ಅಹಂಕಾರ ಕರಗಲು ನಾಲ್ಕು ರಾಜ್ಯಗಳ ನೆಲ ಬೇಕಾಯಿತು! ಗೆರೆಗಳು ಅನಂತರ ಬಂದವು. ದಾಸರ ದಾರಿ ಮೊದಲಿನಿಂದ ಇದೆ.

ಮಕ್ಕಳಿಗೆ ಕನ್ನಡದಲ್ಲಿ ಪಾಠ ಹೇಳುವ ಉಪಾಧ್ಯಾಯರು, ಕನ್ನಡದ ಪುಸ್ತಕಗಳು ಬೇಕೆಂದು ಕೇಳುವಾಗ ನಾವು ಸೌಜನ್ಯದಿಂದ ಕೇಳಬೇಕು, ದೈನ್ಯದಿಂದ ಕೇಳಬೇಕಾಗಿಲ್ಲ. ಹಾಗೆಯೇ ನೆರೆಯ ತೆಲುಗು ಬಂಧುಗಳ ಮುಂದೆ ನಮ್ಮ ಹಿರಿಮೆಯನ್ನು ಕೊಚ್ಚಿಕೊಳ್ಳಬೇಕಾಗಿಯೂ ಇಲ್ಲ. ತೆಲುಗಿನ ಮಹಾನುಭಾವರಾದ ತ್ಯಾಗರಾಜರು ಉಂಛವೃತ್ತಿಯಿಂದ ಬದುಕಿದರು. ಅವರು ತಮ್ಮ ‘ಪ್ರಹ್ಲಾದ ಭಕ್ತಿ ವಿಜಯಮು’ ಎಂಬ ಕೃತಿಯಲ್ಲಿ ಕನ್ನಡದ ಪುರಂದರದಾಸರಿಗೆ ವಂದನೆ ಸಲ್ಲಿಸಿದ್ದಾರೆ. ಅಷ್ಟು ದೊಡ್ಡವರು ಬಾಗಿದ ಮೇಲೆ ಎರಡು ಭಾಷೆಗಳ ಮಕ್ಕಳು ಯಾವುದು ಹೆಚ್ಚು, ಯಾವುದು ಕಡಿಮೆ ಎಂದು ಜಗಳವಾಡುವುದು ನಗೆಗೀಡು. ನಮ್ಮದನ್ನು ನಾವು ಉಳಿಸಿಕೊಳ್ಳೋಣ. ಅವರದನ್ನು ಆದರದಿಂದ ಕೇಳೋಣ.

ಈಗ ನಮ್ಮ ಸಂಘದ ಮುಂದೆ ಮೂರು ಸಣ್ಣ ಸೂಚನೆಗಳನ್ನು ಇಡುತ್ತೇವೆ. ಇವುಗಳಿಗೆ ಹಣ ಬೇಕಾಗಿಲ್ಲ.

ನಮ್ಮ ಓಣಿಗಳಲ್ಲಿ, ಸುತ್ತಿನ ಹಳ್ಳಿಗಳಲ್ಲಿ ದಾಸರ ಪದಗಳನ್ನು, ಬೀಸುವ ಪದಗಳನ್ನು ಬಾಯಲ್ಲಿ ಇಟ್ಟುಕೊಂಡಿರುವ ಹಿರಿಯರು ಇನ್ನೂ ಇದ್ದಾರೆ. ಶಾಲೆಯ ಮಕ್ಕಳು ವಾರಕ್ಕೊಂದು ದಿನ ಅವರ ಮನೆಗೆ ಹೋಗಿ, ಅವರು ಹಾಡಿದಂತೆಯೇ ಬರೆದುಕೊಳ್ಳಲಿ. ಇಂದು ಪ್ರತಿ ಮನೆಯಲ್ಲಿಯೂ ಮೊಬೈಲು ಇದೆ, ಧ್ವನಿಯನ್ನೂ ಹಿಡಿದಿಡಲಿ. ಬರೆದುಕೊಳ್ಳುವಾಗ ಯಾರೂ ತಿದ್ದಬಾರದು. ತಿದ್ದುವ ಕೆಲಸ ಪುಸ್ತಕದ ಮುಂದೆ ಕುಳಿತಾಗ ಆಗಲಿ. ಇದು ಮೊದಲನೆಯದು.

ಎರಡನೆಯದು, ಭಜನಾಮಂದಿರವನ್ನು ಗುಡಿಸುವ ಸರದಿ. ಆ ತಾಯಿ ಹೋದಮೇಲೆ ಒಬ್ಬ ಬಡಹುಡುಗನಿಗೆ ಒಂದಿಷ್ಟು ಹಣ ಕೊಟ್ಟು ಆ ಕೆಲಸವನ್ನು ಒಪ್ಪಿಸಿದ್ದೇವೆ. ಅವನಿಗೆ ಕೊಡುವುದನ್ನು ನಿಲ್ಲಿಸದೆ, ಅವನ ಓದಿಗೆಂದು ಕೊಡೋಣ. ಗುಡಿಸುವ ಕೆಲಸವನ್ನು ಕಾರ್ಯಕಾರಿ ಸಮಿತಿಯವರು ವಾರಕ್ಕೊಬ್ಬರಂತೆ ವಹಿಸಿಕೊಳ್ಳೋಣ. ಮೊದಲ ವಾರಕ್ಕೆ ನಮ್ಮ ಹೆಸರನ್ನು ಬರೆದುಕೊಳ್ಳಬೇಕೆಂದು ಕಾರ್ಯದರ್ಶಿಗಳಲ್ಲಿ ವಿನಂತಿ.

ಮೂರನೆಯದು, ಆರಾಧನೆಯ ದಿನದ ಊಟ. ಗಣ್ಯರಿಗೆ ಒಳಗೆ, ಉಳಿದವರಿಗೆ ಹೊರಗೆ ಎಂಬ ಎರಡು ಪಂಕ್ತಿಗಳು ನಮ್ಮಲ್ಲಿ ಹೇಗೋ ರೂಢಿಗೆ ಬಂದಿವೆ. ಮಾನ್ವಿಯಲ್ಲಿ ಒಂದು ಪಂಕ್ತಿಗೆ ಬರಲು ಒಲ್ಲೆನೆಂದುದರಿಂದ ಏನಾಯಿತೆಂಬ ಕಥೆಯನ್ನು ಹರಿಕಥೆಯಲ್ಲಿ ಕೇಳಿ, ಎದ್ದು ಹೋಗಿ ಎರಡು ಪಂಕ್ತಿಯಲ್ಲಿ ಉಣ್ಣುವುದು ನಮಗೆ ಶೋಭಿಸದು. ಈ ವರ್ಷದಿಂದ ಒಂದೇ ಪಂಕ್ತಿಯಾಗಲಿ.

ಇವು ಸಣ್ಣ ಕೆಲಸಗಳೆಂದು ತಾವು ಹೇಳಬಹುದು. ದಾಸ್ಯವೆಂಬುದು ಸಣ್ಣ ಕೆಲಸಗಳಲ್ಲಿಯೇ ಇರುವುದು. ದೊಡ್ಡ ಕೆಲಸಗಳಿಗೆ ಹಾರ ತುರಾಯಿ ಕಾದಿರುತ್ತವೆ. ಅಲ್ಲಿ ನಿಷ್ಕಾಮವಾಗಿರುವುದು ಕಷ್ಟ. ಕಸಬರಿಕೆ ಹಿಡಿದವನಿಗೆ ಯಾರೂ ಹಾರ ಹಾಕುವುದಿಲ್ಲ. ಆದುದರಿಂದ ಅಲ್ಲಿ ಸೇವೆ ಶುದ್ಧವಾಗಿರುವುದು ಸುಲಭ.

ನಮ್ಮ ಹಿರಿಯರು ಯಾವ ಕೆಲಸವನ್ನು ಮುಗಿಸಿದರೂ ‘ಶ್ರೀಕೃಷ್ಣಾರ್ಪಣಮಸ್ತು’ ಎಂದು ಒಂದು ಉದ್ಧರಣೆ ನೀರು ಬಿಡುತ್ತಿದ್ದರು. ಮಾಡಿದುದು ನನ್ನದಲ್ಲ, ಅದರ ಫಲವೂ ನನ್ನದಲ್ಲ ಎಂಬುದಕ್ಕೆ ಅದು ಗುರುತು. ಅರ್ಪಣೆಯ ನೀರು ಬಿಟ್ಟ ಮೇಲೆ ಫಲಕದಲ್ಲಿ ಹೆಸರು ಹುಡುಕುವುದು ತರವಲ್ಲ. ಈ ಭಾಷಣದಲ್ಲಿ ಗುಣವೇನಾದರೂ ಇದ್ದರೆ ಅದು ಚಿಪ್ಪಗಿರಿ, ಉತ್ತನೂರು, ಮಾನ್ವಿಗಳ ದಾಸರಿಗೆ ಸೇರಿದುದು. ಮತ್ತು ಹೆಸರು ಹೇಳಲಾರದ ಆ ತಾಯಿಗೆ ಸೇರಿದುದು.

ಶ್ರೀಕೃಷ್ಣಾರ್ಪಣಮಸ್ತು.